ಬಾಣಂತಿಗೆ ನಾನು ಹೇಳಿದ ಚಹಾ

ಕೋವಿಡ್ ಲಸಿಕೆಯ ಗದ್ದಲ ತಣ್ಣಗಾದ ಮರುವರ್ಷ ನಾನು ಸುರಪುರ ತಾಲೂಕಿನ ಕೃಷ್ಣಾ ದಂಡೆಯ ಒಂದು ಉಪಕೇಂದ್ರದಲ್ಲಿ ಕಿರಿಯ ಆರೋಗ್ಯ ಸಹಾಯಕಿಯಾಗಿದ್ದೆ. ಈಗ ಆ ಹುದ್ದೆಗೆ ಉದ್ದನೆಯ ಹೊಸ ಹೆಸರು ಬಂದಿದೆ. ಊರಿನವರಿಗೆ ಮಾತ್ರ ನಾನು ಅಂದೂ ಇಂದೂ ‘ಸಿಸ್ಟರ್’. ಆಗಲೇ ಇಪ್ಪತ್ತೆರಡು ವರ್ಷ ಸೇವೆ ಆಗಿತ್ತು. ಊರಿನ ಹೆಸರು ಬರೆಯುವುದಿಲ್ಲ, ನಾನು ಹೇಳಹೊರಟ ಮನೆಯವರು ಇನ್ನೂ ಅಲ್ಲೇ ಇದ್ದಾರೆ. ಮನೆಯವರ ಹೆಸರುಗಳನ್ನೂ ಬದಲಿಸಿದ್ದೇನೆ. ನನ್ನ ತಪ್ಪನ್ನು ಇದ್ದ ಹಾಗೆಯೇ ಬರೆಯುತ್ತೇನೆ.

ಹೆರಿಗೆಯಾದ ಮೂರು, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು ಮತ್ತು ನಲವತ್ತೆರಡನೇ ದಿನ ಆಶಾ ಕಾರ್ಯಕರ್ತೆ ಬಾಣಂತಿಯ ಮನೆಗೆ ಹೋಗಬೇಕೆಂಬುದು ನಿಯಮ. ಕೂಸಿನ ತೂಕ, ಮೈ ಬಿಸಿ, ಹೊಕ್ಕುಳು ನೋಡಿ ಫಾರ್ಮ್ ತುಂಬುತ್ತಾರೆ. ತೊಂದರೆ ಕಂಡರೆ ನನ್ನನ್ನು ಕರೆಯುತ್ತಾರೆ. ನಮ್ಮ ಆಶಾ ಶರಣಮ್ಮ ಮೂರನೇ ದಿನವೇ ನನ್ನನ್ನು ಕರೆದುಕೊಂಡು ಹೋದ ಮನೆ ಅದು. ಹೊಳೆಯಲ್ಲಿ ಮೀನು ಹಿಡಿಯುವವರ ಮನೆ. ಗಂಡ ಹಣಮಂತ ನಸುಕಿನಲ್ಲಿ ತೆಪ್ಪ ತೆಗೆದುಕೊಂಡು ಹೋದರೆ ಬಿಸಿಲೇರಿದ ಮೇಲೆ ಬರುತ್ತಿದ್ದ. ಬಾಣಂತಿ ದೇವಕಿಗೆ ಇಪ್ಪತ್ತೊಂದು ವರ್ಷ, ಚೊಚ್ಚಲ ಹೆರಿಗೆ. ತವರು ಕೊಂಕಲ್. ಅಲ್ಲಿ ತಾಯಿ ತೀರಿಕೊಂಡು ಅಣ್ಣ, ಅತ್ತಿಗೆ ಮಾತ್ರ ಇದ್ದುದರಿಂದ ಬಾಣಂತನ ಗಂಡನ ಮನೆಯಲ್ಲೇ ಆಯಿತು. ಮಾಡುತ್ತಿದ್ದವರು ಅತ್ತೆ ಅಯ್ಯಮ್ಮ. ಸೊಸೆಯನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಿದ್ದ ಹೆಂಗಸು. ಇದನ್ನು ಮೊದಲೇ ಹೇಳುತ್ತೇನೆ, ಮುಂದೆ ಓದುವವರು ಅತ್ತೆಯನ್ನು ಬೈಯಬಾರದು.

ದೇವಕಿಯ ತುಟಿ ಒಡೆದು ಸಿಪ್ಪೆ ಎದ್ದಿತ್ತು. ಮೂತ್ರ ಉರಿಯುತ್ತದೆ ಅಂದಳು. ಕಾರಣ ನನಗೆ ಗೊತ್ತಿದ್ದದ್ದೇ. ನಮ್ಮ ಕಡೆ ಬಾಣಂತಿಗೆ ನೀರು ಕೊಡುವುದಿಲ್ಲ. ನೀರು ಕುಡಿದರೆ ಹೊಟ್ಟೆ ಜೋತು ಬೀಳುತ್ತದೆ, ಕೂಸಿಗೆ ನೆಗಡಿಯಾಗುತ್ತದೆ ಎಂಬ ನಂಬಿಕೆ. ಹಾಲೂಡಿಸುವವಳಿಗೆ ನೀರೇ ಮುಖ್ಯ ಎಂದು ಇಪ್ಪತ್ತೆರಡು ವರ್ಷ ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ಅದರ ಮೇಲೆ ಆ ಮಳೆಗಾಲದಲ್ಲಿ ಹೊಳೆಯ ನೀರು ಕೆಂಪಾಗಿ, ಊರಲ್ಲಿ ನಾಲ್ಕಾರು ಮನೆಗಳಲ್ಲಿ ವಾಂತಿಭೇದಿ ಆಗಿತ್ತು. ತಣ್ಣೀರು ಕೊಡಿ ಎಂದು ಹೇಳುವ ಹಾಗೂ ಇರಲಿಲ್ಲ.

“ಕುದಿಸಿ ಆರಿಸಿದ ನೀರು ಕೊಡ್ರಿ ಅಯ್ಯಮ್ಮಾ. ದಿನಕ್ಕ ಎರಡು ತಂಬಗಿಯರ ಹೋಗ್ಬೇಕು ಹೊಟ್ಟಿಗಿ” ಅಂದೆ.

“ನೀರಂದ್ರ ನೀರೇ ಅಲ್ರೀ ಸಿಸ್ಟರ್, ಕುದಿಸಿದ್ರೇನು ಬೆಂಕಿ ಆಗತದೇನು? ನಾ ಐದು ಹಡದೀನಿ. ಇಪ್ಪತ್ತೊಂದು ದಿನ ಒಂದು ಹನಿ ನೀರು ಮುಟ್ಟಿಲ್ಲ. ನೋಡ್ರಿ, ಹೆಂಗದೀನಿ!” ಎಂದು ಅಯ್ಯಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತರು. ಶರಣಮ್ಮ ನಕ್ಕಳು. ನನಗೂ ನಗು ಬಂತು. ಮಧ್ಯಾಹ್ನ ಇನ್ನೂ ಎರಡು ಊರಿಗೆ ಹೋಗಬೇಕಿತ್ತು. ಆಗ ನನ್ನ ಬಾಯಿಂದ ಬಂದ ಮಾತು ಇದು:

“ನೀರು ಬ್ಯಾಡಾದ್ರ ಚಹಾ ಆದ್ರೂ ಕುಡಸ್ರಿ. ಅದೂ ಕುದ್ದದ್ದೇ ಅಲ್ಲೇನು? ಎಷ್ಟು ಕುಡಿತಾಳ ಅಷ್ಟು ಕುಡಸ್ರಿ.”

ಅಯ್ಯಮ್ಮನ ಮುಖ ಅರಳಿತು. “ಹಂಗ ಹೇಳ್ರಿ ಮತ್ತ! ಚಹಾ ಅಂದ್ರ ಗರಂ. ಅದಕ್ಕ ಯಾರು ಬ್ಯಾಡಂತಾರ?”

ಹೊರಗೆ ಬಂದು ಶರಣಮ್ಮನಿಗೆ ನಾನು ಜಂಬದಿಂದ ಹೇಳಿದ್ದೂ ನೆನಪಿದೆ: ಜನರ ಜೊತೆ ಜಗಳಾಡಬಾರದು, ಅವರ ದಾರಿಯಲ್ಲೇ ಹೋಗಿ ಕೆಲಸ ಮಾಡಿಸಬೇಕು.

ಏಳನೇ ದಿನ ಹೋದಾಗ ದೇವಕಿಯ ತುಟಿ ಸರಿಹೋಗಿತ್ತು, ಮೂತ್ರದ ಉರಿ ಇಳಿದಿತ್ತು. ಒಲೆಯ ಒಂದು ಬದಿಗೆ ಅಲ್ಯುಮಿನಿಯಂ ಕೆಟ್ಲಿ ಕೂತಿತ್ತು. ಹಾಲಿಲ್ಲದ ಕರಿ ಚಹಾ. ಬೆಲ್ಲ, ಶುಂಠಿ, ನಾಲ್ಕು ಮೆಣಸಿನ ಕಾಳು. ಬೆಳಗ್ಗೆ ಹಾಕಿದ ಪುಡಿಯ ಮೇಲೇ ಮತ್ತೆ ನೀರು, ಮತ್ತೆ ಪುಡಿ. ಕೆಂಡದ ಮೇಲೆ ಅದು ದಿನವಿಡೀ ಕುದಿಯುತ್ತಲೇ ಇರುತ್ತಿತ್ತು. ನನಗೂ ಒಂದು ಲೋಟ ಕೊಟ್ಟರು. ಕಷಾಯದ ಹಾಗಿತ್ತು, ನಾಲಿಗೆ ಹಿಡಿದುಕೊಂಡಿತು. ಹೊಗಳಿ ಕುಡಿದೆ.

ಹದಿನಾಲ್ಕನೇ ದಿನ ಶರಣಮ್ಮ ಫೋನ್ ಮಾಡಿದಳು. ಕೂಸು ಮಲಗುತ್ತಿಲ್ಲ, ಅತ್ತೂ ಅತ್ತೂ ಮುಖ ಕಪ್ಪಿಡುತ್ತದೆ, ಬಾಣಂತಿ ಒಂಥರಾ ಆಗಿದ್ದಾಳೆ ಎಂದಳು. ಹೋದೆ. ದೇವಕಿ ಹೊರಸಿನ ಅಂಚಿಗೆ ಕೂತಿದ್ದಳು. ಕಣ್ಣು ಅಗಲ, ಕೆಳಗೆ ಕಪ್ಪು. ಮಾತು ದಡದಡ ಬರುತ್ತಿತ್ತು.

“ಎದಿ ಡಬಡಬ ಅಂತದ್ರೀ ಸಿಸ್ಟರ್. ಕಣ್ಣು ಮುಚ್ಚಿದ್ರ ಯಾರೋ ಎಬ್ಬಿಸಿದಂಗ ಆಗತದ. ಕೈ ನಡಗತಾವ. ಕೂಸನ್ನ ಎತ್ಕೊಂಡ್ರ ಎಲ್ಲಿ ಕೈ ಬಿಟ್ಟು ಕೆಡವಿ ಬಿಡ್ತೀನೋ ಅಂತ ಅಂಜಿಕಿ. ದಿನಾ ಅದೇ ಧ್ಯಾಸ.”

ಇಲ್ಲಿ ನನ್ನ ತಲೆಯೊಳಗೆ ಏನು ನಡೆಯಿತೆಂದು ಬರೆಯಲೇಬೇಕು. ಅದಕ್ಕೆ ಸ್ವಲ್ಪ ಹಿಂದೆ ನಮಗೆ ಯಾದಗಿರಿಯಲ್ಲಿ ಎರಡು ದಿನದ ತರಬೇತಿ ಆಗಿತ್ತು, ಬಾಣಂತಿಯರ ಮಾನಸಿಕ ಆರೋಗ್ಯದ ಬಗ್ಗೆ. ಹೆರಿಗೆಯ ನಂತರ ಕೆಲವರಿಗೆ ಖಿನ್ನತೆ ಬರುತ್ತದೆ, ಅಪರೂಪಕ್ಕೆ ಕೆಲವರಿಗೆ ಮನಸ್ಸು ಪೂರ್ತಿ ಕೆಡುತ್ತದೆ, ಅಂಥವರು ಕೂಸಿಗೆ ಅಪಾಯ ಮಾಡಬಹುದು, ಬೇಗ ಗುರುತಿಸಬೇಕು ಎಂದು ಹೇಳಿಕೊಟ್ಟಿದ್ದರು. ಒಳ್ಳೆಯ ತರಬೇತಿ. ತಪ್ಪು ತರಬೇತಿಯದ್ದಲ್ಲ. ದೇವಕಿಯ ಮಾತು ಕೇಳುತ್ತಿದ್ದಂತೆ ನನಗೆ ಕನಿಕರಕ್ಕಿಂತ ಮೊದಲು ಬಂದದ್ದು ಒಂದು ಬಗೆಯ ಹುಮ್ಮಸ್ಸು. ಸಿಕ್ಕಿತು, ಇದೇ ಅದು, ನಾನೇ ಗುರುತಿಸಿದೆ ಎಂಬ ಹುಮ್ಮಸ್ಸು. ‘ಕೆಡವಿ ಬಿಡ್ತೀನೋ ಅಂತ ಅಂಜಿಕಿ’ ಎಂದು ಅವಳು ಹೇಳಿದ್ದನ್ನು ನಾನು ‘ಕೆಡವಬೇಕು ಅನ್ನಿಸುತ್ತದೆ’ ಎಂದು ಬರೆದುಕೊಂಡೆ. ನಾಡಿ ಹಿಡಿದು ನೋಡಲಿಲ್ಲ. ಏನು ತಿನ್ನುತ್ತೀ, ಏನು ಕುಡಿಯುತ್ತೀ ಎಂದು ಕೇಳಲಿಲ್ಲ. ಕೆಟ್ಲಿ ಅಲ್ಲೇ ಕುದಿಯುತ್ತಿತ್ತು.

ಹೊರಗೆ ಕಟ್ಟೆಯ ಮೇಲೆ ಓಣಿಯ ಐದಾರು ಹೆಂಗಸರು ಬಲೆಯ ಹರಿದ ಕಣ್ಣು ಹೆಣೆಯುತ್ತ ಕೂತಿದ್ದರು. ಅಯ್ಯಮ್ಮ ನನ್ನ ಹಿಂದೆಯೇ ಬಂದು, “ಏನಾಗ್ಯಾದ್ರೀ ಆಕಿಗಿ?” ಎಂದರು. ನಾನು ಚಪ್ಪಲಿ ಮೆಟ್ಟುತ್ತ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

“ಆಕಿ ಮನಸ್ಸು ಸರಿ ಇಲ್ಲ. ಕೂಸನ್ನ ಆಕಿ ಕೈಯಾಗ ಒಬ್ಬಾಕಿಗಿ ಬಿಡಬ್ಯಾಡ್ರಿ. ಹಾಲು ಕುಡಿಸೂದಷ್ಟೇ, ಆಮ್ಯಾಲ ನೀವು ಇಸ್ಕೊರ್ರಿ.”

ಹೆಣೆಯುತ್ತಿದ್ದ ಕೈಗಳು ನಿಂತವು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಬೇಕು ಎಂದೂ ಸೇರಿಸಿದೆ. ಆ ಮಾತು ಯಾರ ಕಿವಿಗೂ ಬೀಳಲಿಲ್ಲ. ಮೊದಲನೆಯದೇ ಸಾಕಾಗಿತ್ತು.

ಮುಂದಿನ ಏಳು ದಿನ ಆ ಮನೆಯಲ್ಲಿ ನಡೆದದ್ದನ್ನು ಶರಣಮ್ಮನಿಂದ ತಿಳಿದೆ. ಹಾಲು ಕುಡಿಸುವಾಗಲೂ ಪಕ್ಕದಲ್ಲಿ ಒಬ್ಬರು ಕೂರುತ್ತಿದ್ದರು. ಕುಡಿದಾದ ಕೂಡಲೇ ಕೂಸನ್ನು ಕಿತ್ತುಕೊಂಡ ಹಾಗೆ ಒಯ್ಯುತ್ತಿದ್ದರು. ಓಣಿಯ ಹೆಂಗಸರು ಬಾಗಿಲಲ್ಲಿ ಇಣುಕಿ ಹೋಗುತ್ತಿದ್ದರು. ಅಯ್ಯಮ್ಮ ಪಾಪ, ಸೊಸೆಗೆ ಶಕ್ತಿ ಬರಲಿ ಎಂದು ಚಹಾ ಇನ್ನಷ್ಟು ಗಟ್ಟಿ ಮಾಡಿದರು. ದೇವಕಿ ಇನ್ನಷ್ಟು ನಿದ್ದೆಗೆಟ್ಟಳು, ಒಮ್ಮೆ ಕೂಸನ್ನು ಕೊಡಲೊಲ್ಲೆ ಎಂದು ಕಿರುಚಿದಳು. ಅದು ನನ್ನ ಮಾತಿಗೆ ಸಾಕ್ಷಿಯಾಯಿತು. ಹಣಮಂತನ ದೊಡ್ಡಪ್ಪ ಬಂದು ಕೂತು ಒಂದು ತೀರ್ಮಾನ ಹೇಳಿದ: ಕೊಂಕಲ್‌ನಿಂದ ಅವಳ ಅಣ್ಣನನ್ನು ಕರೆಸಿ, ಅವಳನ್ನು ಅವನ ಜೊತೆ ಕಳಿಸುವುದು. ಕೂಸು ಇಲ್ಲೇ ಇರಲಿ, ಬಾಟಲಿ ಹಾಲು ಹಾಕಿದರಾಯಿತು. ತಲೆ ಸರಿಯಾದ ಮೇಲೆ ನೋಡೋಣ. ತಲೆ ಸರಿಯಾಯಿತೆಂದು ಹೇಳುವವರು ಯಾರು ಎಂಬುದನ್ನು ಯಾರೂ ಕೇಳಲಿಲ್ಲ.

ಇಪ್ಪತ್ತೊಂದನೇ ದಿನ ಕೂಸಿನ ತೂಕ ಏರಿರಲಿಲ್ಲ. ಕೈಕಾಲು ಸಣ್ಣಗೆ ಅದುರುತ್ತಿದ್ದವು. ನನಗೆ ಫಿಟ್ಸ್ ಇರಬಹುದೆಂದು ಹೆದರಿಕೆಯಾಯಿತು. ಶಹಾಪುರದಲ್ಲಿ ನನಗೆ ಪರಿಚಯದ ಒಬ್ಬ ಮಕ್ಕಳ ಡಾಕ್ಟರ್ ಇದ್ದರು, ಹಿರಿಯ ಹೆಣ್ಣುಮಗಳು. ಕೂಸು, ದೇವಕಿ, ಅಯ್ಯಮ್ಮ, ನಾನು ಒಂದು ಆಟೋದಲ್ಲಿ ಹೊರಟೆವು. ದಾರಿಯುದ್ದಕ್ಕೂ ಕೂಸು ಅಯ್ಯಮ್ಮನ ತೊಡೆಯ ಮೇಲಿತ್ತು. ದೇವಕಿ ಕೈ ಚಾಚಿದಾಗಲೆಲ್ಲ ಅಯ್ಯಮ್ಮ ನನ್ನ ಮುಖ ನೋಡುತ್ತಿದ್ದರು. ಕೊಡಿ ಎಂದು ನಾನು ತಲೆಯಾಡಿಸಲಿಲ್ಲ.

ಡಾಕ್ಟರು ಕೂಸಿನ ಕೈ ಮೆಲ್ಲಗೆ ಹಿಡಿದರು. ಹಿಡಿದ ಕೂಡಲೇ ಅದುರುವುದು ನಿಂತಿತು. “ಫಿಟ್ಸ್ ಆದ್ರ ಹಿಡಿದ್ರೂ ನಿಲ್ಲೂದಿಲ್ಲ” ಎಂದರು. ರಕ್ತದಲ್ಲಿ ಸಕ್ಕರೆ, ಕ್ಯಾಲ್ಸಿಯಂ ಎರಡೂ ಸರಿಯಿದ್ದವು. ಜ್ವರವಿಲ್ಲ, ಸೋಂಕಿಲ್ಲ. ಆಮೇಲೆ ದೇವಕಿಯ ಕಡೆ ತಿರುಗಿ ಅವಳ ನಾಡಿ ಹಿಡಿದರು. ಒಂದು ನಿಮಿಷ ಪೂರ್ತಿ ಎಣಿಸಿದರು. ನೂರಾ ಹನ್ನೆರಡು.

“ದಿನಾ ಏನು ಕುಡೀತೀ ಮಗಾ?”

“ಚಹಾ ರೀ.”

“ಎಷ್ಟು ಸಲ?”

ದೇವಕಿ ಬೆರಳು ಮಡಚಿದಳು. “ಎದ್ದ ಕೂಡ್ಲೇ ಒಂದ್ರಿ. ಮೈ ತೊಳ್ಕೊಂಡ ಮ್ಯಾಲ ಒಂದು. ಉಣ್ಣೂಮುಂದ ನೀರಿನ ಬದಲಿ ಒಂದು, ಎರಡ್ಹೊತ್ತು. ಕೂಸಿಗಿ ಹಾಲು ಕುಡಿಸಿದಾಗೊಮ್ಮೆ ಒಂದು.”

“ಕೂಸಿಗೆ ದಿನಕ್ಕ ಎಷ್ಟು ಸಲ?”

“ಎಂಟೊಂಬತ್ತು ಸಲ ಆಗತದ್ರಿ.”

ಡಾಕ್ಟರು ಅಯ್ಯಮ್ಮನಿಂದ ಚಹಾ ಮಾಡುವ ಬಗೆ ಕೇಳಿಕೊಂಡರು. ಪೆನ್ನು ಕೆಳಗಿಟ್ಟು, “ಯಾರು ಹೇಳಿದ್ರು ಹಿಂಗ ಕುಡಸಾಕ?” ಎಂದರು.

ಅಯ್ಯಮ್ಮ ಹೆಮ್ಮೆಯಿಂದ ನನ್ನ ಭುಜ ಮುಟ್ಟಿದರು. “ಇವರೇ ರೀ. ನಮ್ಮ ಸಿಸ್ಟರ್. ಇವರು ಹೇಳಿದ್ದು ನಾ ಒಂದೂ ತಪ್ಪಿಸಿಲ್ಲ.”

ಡಾಕ್ಟರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಒಂದು ಹಾಳೆಯ ಮೇಲೆ ಗೆರೆ ಎಳೆದು ಪಾಠದ ಹಾಗೆ ವಿವರಿಸಿದರು. ಆ ವಿವರ ಓದುಗರಿಗೂ ಬೇಕು.

ಚಹಾ, ಕಾಫಿಯಲ್ಲಿರುವ ಕೆಫೀನ್ ನಮಗೆ ಶಕ್ತಿ ಕೊಡುವುದಿಲ್ಲ. ಎಚ್ಚರವಿದ್ದಷ್ಟು ಹೊತ್ತೂ ನಮ್ಮ ಮೆದುಳಿನಲ್ಲಿ ಅಡಿನೊಸಿನ್ ಎಂಬ ವಸ್ತು ಕೂಡುತ್ತ ಹೋಗುತ್ತದೆ. ‘ದಣಿದಿದ್ದೀ, ಮಲಗು’ ಎಂದು ಹೇಳುವುದು ಅದರ ಕೆಲಸ. ಕೆಫೀನ್ ಹೋಗಿ ಅದರ ಜಾಗದಲ್ಲಿ ತಾನು ಕೂತುಬಿಡುತ್ತದೆ. ದಣಿವು ಇದ್ದಲ್ಲೇ ಇರುತ್ತದೆ, ಅದರ ಸುದ್ದಿ ಮಾತ್ರ ನಮಗೆ ಮುಟ್ಟುವುದಿಲ್ಲ. ಒಂದೆರಡು ಲೋಟಕ್ಕೆ ಮನಸ್ಸು ಚುರುಕಾಗುತ್ತದೆ, ಹೆಚ್ಚಿನವರಿಗೆ ತೊಂದರೆಯಿಲ್ಲ. ಅತಿಯಾದರೆ ಎದೆ ಬಡಿತ ಏರುತ್ತದೆ, ಕೈ ನಡುಗುತ್ತದೆ, ನಿದ್ದೆ ಹಾರುತ್ತದೆ, ಕಾರಣವಿಲ್ಲದ ಅಂಜಿಕೆ ಹುಟ್ಟುತ್ತದೆ. ಅಂಜಿಕೆಯಿಂದ ಎದೆ ಹೊಡೆದುಕೊಳ್ಳುವುದನ್ನು ನಾವು ಬಲ್ಲೆವು. ಎದೆ ಹೊಡೆದುಕೊಂಡರೂ ಮನಸ್ಸು ಒಂದು ಅಂಜಿಕೆಯನ್ನು ಹುಡುಕಿಕೊಳ್ಳುತ್ತದೆ. ಹೊಸ ತಾಯಿಯ ಮನಸ್ಸಿಗೆ ಸಿಗುವ ಅಂಜಿಕೆ ಕೂಸಿನದೇ.

ಇನ್ನು ಕೂಸು. ಎದೆಹಾಲಿನಲ್ಲಿ ಹೋಗುವುದು ಸ್ವಲ್ಪವೇ. ದೊಡ್ಡವರ ಲಿವರ್ ನಾಲ್ಕೈದು ತಾಸಿನಲ್ಲಿ ಕೆಫೀನನ್ನು ಅರ್ಧದಷ್ಟು ಕರಗಿಸಿದರೆ, ಹಸುಗೂಸಿಗೆ ಅದಕ್ಕೆ ಮೂರ್ನಾಲ್ಕು ದಿನ ಬೇಕು. ಇವತ್ತಿನದು ಹೋಗುವುದರೊಳಗೆ ನಾಳೆಯದು, ನಾಡಿದ್ದಿನದು ಬಂದು ಕೂಡುತ್ತದೆ. ಅದಕ್ಕೇ ಅಳು, ಅದುರು, ನಿದ್ದೆಯಿಲ್ಲ.

“ಇದೇ ಕಾರಣ ಅಂತ ನಾ ಬರದು ಕೊಡೂದಿಲ್ಲ” ಎಂದರು ಡಾಕ್ಟರು. “ಥೈರಾಯ್ಡ್ ನೋಡೋಣು, ರಕ್ತ ನೋಡೋಣು. ಮನಸ್ಸಿನದೂ ನೋಡೋಣು. ಮೊದಲು ಚಹಾ ಇಳಸ್ರಿ. ಒಮ್ಮೆಲೇ ನಿಲ್ಲಿಸಬ್ಯಾಡ್ರಿ, ದಿನಕ್ಕ ಎರಡೆರಡು ಕಡಿಮಿ ಮಾಡ್ರಿ.”

ಈ ಕೊನೆಯ ಮಾತನ್ನೂ ನಾನು ಕೆಡಿಸಿದೆ. ನಾಚಿಕೆಯಾದ ಮನುಷ್ಯ ಅವಸರ ಮಾಡುತ್ತಾನೆ. ಮನೆಗೆ ಹೋದವಳೇ ಕೆಟ್ಲಿಯನ್ನು ಬಚ್ಚಲಲ್ಲಿ ಸುರುವಿ, “ಇನ್ನ ಒಂದು ಹನಿ ಕೊಡಬ್ಯಾಡ್ರಿ” ಎಂದೆ. ಮರುದಿನ ದೇವಕಿಗೆ ತಲೆ ಸಿಡಿಯುವ ನೋವು. ಕಣ್ಣು ತೆರೆಯಲಾಗದು, ವಾಂತಿ, ಜೋಂಪು. ದಿನಾ ಕೆಫೀನ್ ಸಿಕ್ಕು ರೂಢಿಯಾದ ಮೈಗೆ ಒಮ್ಮೆಲೇ ತಪ್ಪಿದರೆ ಹೀಗಾಗುತ್ತದೆ. ಅಯ್ಯಮ್ಮ ಉಪಕೇಂದ್ರಕ್ಕೇ ನಡೆದು ಬಂದು ನಿಂತರು.

“ಕುಡಸು ಅಂದ್ರಿ, ಕುಡಿಸಿದೆ. ಬಿಡಸು ಅಂದ್ರಿ, ಬಿಡಿಸಿದೆ. ಈಗ ನನ ಸೊಸಿ ಹೊರಸಿನ ಮ್ಯಾಲ ಹೆಣ ಬಿದ್ದಂಗ ಬಿದ್ದಾಳ. ನಿಮಗರ ಖರೇ ಗೊತ್ತದೇನ್ರಿ ಸಿಸ್ಟರ್, ಏನು ಹೇಳಾಕತ್ತೀರಿ ಅಂತ?”

ಡಾಕ್ಟರಿಗೆ ಫೋನ್ ಮಾಡಿ, ತಪ್ಪು ಒಪ್ಪಿಕೊಂಡು, ಅವರು ಹೇಳಿದ ಹಾಗೆ ದಿನಕ್ಕೆ ಆರು ಲೋಟದಿಂದ ಇಳಿಸುತ್ತ ಬಂದೆವು. ಚಹಾದ ಬದಲು ಅಜವಾನ, ಅಂದರೆ ಓಮ, ಹಾಕಿ ಕುದಿಸಿದ ನೀರು. ಬಿಸಿಬಿಸಿ ಇದ್ದು ವಾಸನೆಯೂ ಇದ್ದುದರಿಂದ ಅಯ್ಯಮ್ಮ ಒಪ್ಪಿದರು. ಮೊದಲ ದಿನವೇ ಇಷ್ಟು ಯೋಚಿಸಿದ್ದರೆ ಮುಗಿಯುತ್ತಿತ್ತು. ನಾಲ್ಕನೇ ದಿನ ದೇವಕಿ ಐದು ತಾಸು ಒಂದೇ ಸಮ ಮಲಗಿದಳು. ಕೂಸಿಗೆ ಇನ್ನೂ ಹತ್ತು ದಿನ ಹಿಡಿಯಿತು. ಥೈರಾಯ್ಡ್ ಸರಿಯಿತ್ತು. ಯಾದಗಿರಿಯ ಮನೋವೈದ್ಯರು ಮುಕ್ಕಾಲು ತಾಸು ಮಾತಾಡಿ, ಈಗ ಕಾಯಿಲೆಯ ಲಕ್ಷಣವಿಲ್ಲ, ಮತ್ತೆ ಏನಾದರೂ ಅನ್ನಿಸಿದರೆ ಬರಲಿ ಎಂದು ಬರೆದರು.

ನನ್ನ ಮಟ್ಟಿಗೆ ಕೇಸು ಮುಗಿದಿತ್ತು. ಅಯ್ಯಮ್ಮನನ್ನು ಒಳಗೆ ಕರೆದು, ತಗ್ಗಿದ ದನಿಯಲ್ಲಿ, “ಅದು ಚಹಾದ ತೊಂದರಿ ಇತ್ತು, ಈಗ ಆರಾಮಾಗ್ಯಾಳ” ಎಂದು ಹೇಳಿದೆ. ‘ನನ್ನ ತಪ್ಪು’ ಎಂಬ ಎರಡು ಶಬ್ದ ಬಾಯಿಗೆ ಬರಲಿಲ್ಲ. ಹೊರಡುವಾಗ ದೇವಕಿ ನನ್ನ ಚೀಲ ಹಿಡಿದು ನಿಲ್ಲಿಸಿದಳು.

“ಕೂಸು ಸುಮ್ಮನಾತ್ರಿ. ಮಂದಿ ಸುಮ್ಮನಾಗವಲ್ರು. ನಮ್ಮಣ್ಣಗ ಇನ್ನೂ ಬಾ ಅಂತ ಫೋನ್ ಮಾಡಾಕತ್ತಾರ. ಅತ್ತಿ ಒಳ್ಳೆಯಾಕಿ, ಆದ್ರೂ ಕೂಸನ್ನ ಕೊಟ್ಟು ಬಾಗಲದಾಗ ನಿಂತಿರ್ತಾಳ. ನೀವು ಅವತ್ತ ಕಟ್ಟಿ ಮ್ಯಾಲ ನಿಂತು ಹೇಳಿದ್ರಿ. ಈಗ್ಯಾಕ ಒಳಗ ಬಂದು ಹೇಳಾಕತ್ತೀರಿ?”

“ಹೇಳ್ತೀನವ್ವಾ, ಹೇಳ್ತೀನಿ” ಎಂದು ಬಂದೆ. ಎಂಟು ದಿನ ಹೇಳಲಿಲ್ಲ. ನನಗೆ ನಾನೇ ಕೊಟ್ಟುಕೊಂಡ ಕಾರಣ ದೊಡ್ಡದಿತ್ತು: ಸಿಸ್ಟರೇ ತಪ್ಪು ಹೇಳಿದಳೆಂದು ಗೊತ್ತಾದರೆ ನಾಳೆ ನನ್ನ ಮಾತಿಗೆ ಲಸಿಕೆ ಯಾರು ಹಾಕಿಸಿಕೊಂಡಾರು? ಊರಿನ ಹಿತಕ್ಕಾಗಿ ಸುಮ್ಮನಿದ್ದೇನೆಂದು ನಂಬಿಕೊಂಡೆ. ಅದರ ಅಡಿಯಲ್ಲಿದ್ದದ್ದು ಬರೀ ಮಾನದ ಆಸೆ.

ಆರು ವಾರದ ಲಸಿಕೆಗೆ ಅಂಗನವಾಡಿಯಲ್ಲಿ ಹೆಂಗಸರು ಸೇರಿದ್ದರು. ದೇವಕಿ ಹಿಂದೆ, ಕೂಸು ಅಯ್ಯಮ್ಮನ ಕೈಯಲ್ಲಿ. ಮರುದಿನ ಅಣ್ಣ ಬರುತ್ತಾನೆಂದು ಶರಣಮ್ಮ ನನ್ನ ಕಿವಿಯಲ್ಲಿ ಹೇಳಿದಳು. ಕೂಸಿನ ತೊಡೆಗೆ ಸೂಜಿ ಚುಚ್ಚಿ ಹತ್ತಿ ಒತ್ತಿದೆ. ಅದು ಚೀರಿತು. ದೇವಕಿ ಎರಡು ಹೆಜ್ಜೆ ಮುಂದೆ ಬಂದು, ಜನರನ್ನು ನೋಡಿ ನಿಂತುಬಿಟ್ಟಳು. ಅವಳ ಕೈಗಳು ಅರ್ಧಕ್ಕೆ ಎತ್ತಿದಲ್ಲೇ ನಿಂತಿದ್ದವು. ಆಗ ನನಗೆ ತಡೆಯಲಾಗಲಿಲ್ಲ.

“ಎಲ್ಲಾರೂ ಕೇಳ್ರಿಲ್ಲಿ” ಎಂದೆ. “ದೇವಕಿ ಮನಸ್ಸು ಕೆಟ್ಟದ ಅಂತ ನಾ ಹೇಳಿದ್ದೆ. ಅದು ತಪ್ಪು. ಆಕಿಗಿ ಹಂಗಾಗಿದ್ದು ಅತಿ ಚಹಾದಿಂದ. ಎಷ್ಟಾದ್ರೂ ಕುಡಸ್ರಿ ಅಂತ ಹೇಳಿದಾಕಿ ನಾನು. ಕೇಳದೇ, ನೋಡದೇ ಹೆಸರು ಇಟ್ಟಾಕಿನೂ ನಾನು. ಆಕಿ ಕೂಸು ಆಕಿ ಕೈಯಾಗ ಇರಬೇಕು.”

ಗೋಡೆಗೆ ಒರಗಿದ್ದ ಒಬ್ಬ ಮುದುಕಿ, “ಹಂಗಾದ್ರ ನಮ್ಮ ಯಜಮಾನಗ ಮನಸ್ಸು ಕೆಟ್ಟು ಐವತ್ತು ವರ್ಷಾತು ಬಿಡವ್ವಾ, ದಿನಕ್ಕ ಹತ್ತು ಕುಡಿತಾನ!” ಎಂದಳು. ಎಲ್ಲರೂ ನಕ್ಕರು. ಅಯ್ಯಮ್ಮ ನಗಲಿಲ್ಲ. ನನ್ನನ್ನು ಒಂದು ಕ್ಷಣ ನೋಡಿದರು, ಕೂಸನ್ನು ಸೊಸೆಯ ಕೈಗೆ ಹಾಕಿದರು, “ನಡಿ, ಮನಿಗಿ ಕರಕೊಂಡು ಹೋಗು. ನಾ ಆಮ್ಯಾಲ ಬರ್ತೀನಿ” ಎಂದರು. ದೇವಕಿ ಒಬ್ಬಳೇ ಕೂಸನ್ನು ಎದೆಗವಚಿಕೊಂಡು ಓಣಿಯಲ್ಲಿ ನಡೆದು ಹೋದಳು. ಅಯ್ಯಮ್ಮ ಬೇಕೆಂದೇ ಅರ್ಧ ತಾಸು ಅಲ್ಲೇ ಕೂತಿದ್ದರು. ಅಣ್ಣನಿಗೆ ಅಂದು ಸಂಜೆಯೇ ಹಣಮಂತ ಫೋನ್ ಮಾಡಿ ಬರುವುದು ಬೇಡ ಎಂದ. ನನ್ನ ಮಾತಿಗೆ ಲಸಿಕೆ ಹಾಕಿಸಿಕೊಳ್ಳುವುದನ್ನು ಆ ಊರಲ್ಲಿ ಯಾರೂ ಬಿಡಲಿಲ್ಲ.

ಆ ಮೇಲೆ ನಾನು ಯಾವ ಬಾಣಂತಿಯ ಮನೆಗೆ ಹೋದರೂ ಫಾರ್ಮಿನಲ್ಲಿ ಇಲ್ಲದ ಒಂದು ಪ್ರಶ್ನೆ ಮೊದಲು ಕೇಳುತ್ತೇನೆ: ಬೆಳಗ್ಗೆಯಿಂದ ಏನೇನು ಕುಡಿದೆ, ತಿಂದೆ, ಯಾರು ಕೊಟ್ಟರು? ಮೈಯನ್ನು ಪೂರ್ತಿ ಕೇಳಿದ ಮೇಲೇ ಮನಸ್ಸಿಗೆ ಹೆಸರಿಡಬೇಕು, ಆ ಹೆಸರನ್ನೂ ಕದ ಮುಚ್ಚಿಕೊಂಡು ಹೇಳಬೇಕು ಎಂಬುದನ್ನು ನನ್ನ ಕೆಲಸ ನನಗೆ ಕಲಿಸಿತು. ಹೊಸದಾಗಿ ಬರುವ ಹುಡುಗಿಯರಿಗೂ ಇದನ್ನೇ ಹೇಳಿಕೊಡುತ್ತೇನೆ.

ದೇವಕಿ ಮಗಳ ಯಾವ ಲಸಿಕೆಯನ್ನೂ ತಪ್ಪಿಸಿಲ್ಲ. ಮಗುವಿನ ಕೆಮ್ಮು, ಜ್ವರ, ಊಟ ಎಲ್ಲವನ್ನೂ ನನಗೆ ವಿವರವಾಗಿ ಹೇಳುತ್ತಾಳೆ. “ನೀ ಹೆಂಗದೀಯವ್ವಾ?” ಎಂದು ಕೇಳಿದರೆ ಮಾತ್ರ, “ಆರಾಮ ಅದೀನ್ರಿ” ಎನ್ನುತ್ತಾಳೆ. ಅಷ್ಟೇ. ಕಳೆದ ವರ್ಷ ಅವಳ ಎರಡನೇ ಹೆರಿಗೆಯಾಯಿತು. ಮೂರನೇ ದಿನ ಹೋದೆ, ಏಳನೇ ದಿನ ಹೋದೆ, ನಲವತ್ತೆರಡನೇ ದಿನದವರೆಗೂ ಒಂದೂ ಭೇಟಿ ಬಿಡದೆ ಹೋದೆ. ನಿದ್ದೆ ಬರುತ್ತದೆಯೇ, ಅಂಜಿಕೆ ಆಗುತ್ತದೆಯೇ ಎಂದು ಬಾಗಿಲು ಮುಚ್ಚಿಕೊಂಡು ಕೇಳಿದೆ. ಆರೂ ಸಲ ಅದೇ ಉತ್ತರ ಬಂತು. ನಾನು ಅದನ್ನೇ ಬರೆದುಕೊಂಡು ಬಂದೆ, ಅದು ನಿಜವೋ ಅಲ್ಲವೋ ನನಗೆ ಗೊತ್ತಿಲ್ಲ.